ರುಚಿ ನೋಡದ ಕೈಮಾ ಉಂಡೆ

ಆ ವರ್ಷ ಹ್ಯಾಲೋವೀನ್ ಶುಕ್ರವಾರ ಬಿದ್ದಿತ್ತು. ತುಮಕೂರಿನ ಕುಣಿಗಲ್ ರಸ್ತೆ ಪಕ್ಕದ ಆ ಅಪಾರ್ಟ್‌ಮೆಂಟಿನವರು ಅದನ್ನು ಭಾನುವಾರಕ್ಕೆ ತಳ್ಳಿದರು. ಅಮೆರಿಕದ ದೆವ್ವಗಳು ಯಾವ ವಾರ ಬೇಕಾದರೂ ಬರಲಿ, ಇಲ್ಲಿ ಶುಕ್ರವಾರ ಬಾಡು ಬೇಯುವುದಿಲ್ಲ. ಶನಿವಾರ ರಾಜ್ಯೋತ್ಸವ, ಗೇಟಿನ ಬಳಿ ಬಾವುಟ ಏರಿಸಬೇಕು, ಅಲ್ಲದೆ ಕೆಲವು ಮನೆಗಳಲ್ಲಿ ಅದು ತಿಮ್ಮಪ್ಪನ ವಾರ. ಹೀಗೆ ವಾರಗಳೆಲ್ಲ ದೇವರುಗಳಿಗೆ ಹಂಚಿಹೋಗಿ ದೆವ್ವಗಳ ಪಾಲಿಗೆ ಉಳಿದದ್ದು ಭಾನುವಾರದ ಸಂಜೆ.

ಮೊದಲ ಮಹಡಿಯ ಸುಧಾ ವಾಟ್ಸಾಪ್ ಗ್ರೂಪಿಗೆ ವಿಷಯ ಹಾಕಿದಳು. ಪಾರ್ಕಿಂಗ್ ಜಾಗದಲ್ಲಿ ಮಕ್ಕಳ ಪಾರ್ಟಿ, ಒಂದೊಂದು ಮನೆಯಿಂದ ಒಂದೊಂದು ಸ್ಟಾರ್ಟರ್, ನೋಡಿದರೆ ದೆವ್ವದ ಹಾಗಿರಬೇಕು, ತಿಂದರೆ ರುಚಿಯಾಗಿರಬೇಕು. ವೆಜ್ ಟೇಬಲ್ ಬೇರೆ, ನಾನ್ ವೆಜ್ ಟೇಬಲ್ ಬೇರೆ.

ಮೂರನೇ ಮಹಡಿಯ ಭಾನುಪ್ರಿಯಾ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಸ್ಟಾಫ್ ರೂಮಿನಲ್ಲಿ ಕೂತು ಗ್ರೂಪು ತೆಗೆದಾಗ ಅವಳದೇ ನಂಬರಿನಿಂದ ಉತ್ತರ ಹೋಗಿತ್ತು: "ನಮ್ಮನೆಯಿಂದ ಮೀಟ್‌ಬಾಲ್ ಮಮ್ಮಿ, ಮೀಟ್‌ಬಾಲ್ ಸ್ಪೈಡರ್." ಪಕ್ಕದಲ್ಲಿ ಸಾಲಾಗಿ ಜೇಡಗಳ ಚಿತ್ರ. ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುವಾಗ ಫೋನು ಮಗಳು ಇಂಚರಳ ಕೈಯಲ್ಲಿತ್ತು. ಉತ್ತರದ ಕೆಳಗೆ ಆಗಲೇ ಹೆಬ್ಬೆರಳುಗಳು ಬಿದ್ದಿದ್ದವು. ಅಳಿಸುವ ಹಾಗಿರಲಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಕೇಳಿದಳು.

"ಯಾರನ್ನ ಕೇಳಿ ಹಾಕ್ದೆ ಅದನ್ನ?"

"ಯಾಕಮ್ಮಾ? ನೀನು ಕೈಮಾ ಉಂಡೆ ಸೂಪರಾಗಿ ಮಾಡ್ತೀಯಲ್ಲ. ಅದಕ್ಕೇ ಈಜಿಪ್ಟ್ ಹೆಣಕ್ಕೆ ಬಟ್ಟೆ ಸುತ್ತಿದಂಗೆ ಸುತ್ತಿದ್ರೆ ಮಮ್ಮಿ, ಕಾಲು ಸಿಗ್ಸಿದ್ರೆ ಜೇಡ. ಈಸಿ."

"ಈಸಿ ಅಂತೆ. ನಾನು ಮಾಡಲ್ಲ. ನಂಗೆ ಹುಷಾರಿಲ್ಲ ಅಂತ ಹಾಕ್ಬಿಡ್ತೀನಿ."

"ಎಲ್ಲಾದಕ್ಕೂ ಹುಷಾರಿಲ್ಲ ಅಂತೀಯ. ಹರ್ಷಿತಾ ಕೇಳ್ತಾಳೆ, ನಿಮ್ಮಮ್ಮಂಗೆ ಏನ್ ಕಾಯಿಲೆ ಅಂತ."

ಹರ್ಷಿತಾ ಅಂದರೆ ಸುಧಾಳ ಮಗಳು, ಇಂಚರಳ ಜೊತೆ ಆರನೇ ಕ್ಲಾಸಿನಲ್ಲಿ ಓದುವವಳು. ಭಾನುಪ್ರಿಯಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕಾಯಿಲೆ ಏನೆಂದು ಮಗಳಿಗೆ ಹೇಗೆ ಹೇಳುವುದು?

ಅದು ಹಿಂದಿನ ಯುಗಾದಿಯದು. ಅಪಾರ್ಟ್‌ಮೆಂಟಿನವರೆಲ್ಲ ಒಟ್ಟಿಗೆ ಊಟ ಇಟ್ಟುಕೊಂಡಿದ್ದರು. ಭಾನುಪ್ರಿಯಾ ಪುಳಿಯೋಗರೆ ಮಾಡಿ ಒಯ್ದಿದ್ದಳು. ಗೊಜ್ಜನ್ನು ಹಿಂದಿನ ದಿನವೇ ಕುದಿಸಿ, ಎಳ್ಳು ಹುರಿದು, ಕೊಬ್ಬರಿ ತುರಿದು, ಮನಸ್ಸಿಟ್ಟು ಮಾಡಿದ್ದು. ಎಲ್ಲರೂ ಹಾಕಿಸಿಕೊಂಡರು. ಎಲ್ಲರೂ ಹೊಗಳಿದರು. "ಸೂಪರ್ ಮೇಡಂ", "ರೆಸಿಪಿ ಕಳ್ಸಿ ಮೇಡಂ", "ದೇವಸ್ಥಾನದ್ದು ಇದ್ದಂಗಿದೆ ಮೇಡಂ". ಸಂಜೆ ಮನೆಯ ಕಸ ಹಾಕಲು ಕೆಳಗೆ ಹೋದಾಗ ಹಸಿಕಸದ ಡ್ರಮ್ಮಿನ ತುಂಬ ಅವಳ ಪುಳಿಯೋಗರೆ. ಅಡಿಕೆ ತಟ್ಟೆಗಳಲ್ಲಿ ಹೋಳಿಗೆ ತಿಂದಿದ್ದರು, ಪಾಯಸ ಕುಡಿದಿದ್ದರು, ಕೋಸಂಬರಿ ಬಳಿದಿದ್ದರು. ಅವಳು ಬಡಿಸಿದ ಗುಡ್ಡೆಗಳು ಮಾತ್ರ ಬೆರಳು ಸೋಕದೆ ಹಾಗೇ ಕೂತಿದ್ದವು.

ಅದರಲ್ಲಿ ಬಾಡಿರಲಿಲ್ಲ, ಮೊಟ್ಟೆ ಇರಲಿಲ್ಲ, ಬೆಳ್ಳುಳ್ಳಿಯೂ ಇರಲಿಲ್ಲ. ಇದ್ದದ್ದು ಅವಳ ಕೈ.

ಅವರು ಆ ಮನೆಗೆ ಬಂದ ವಾರದಲ್ಲೇ ಸುಧಾಳ ಗಂಡ ರಂಗನಾಥ್ ಲಿಫ್ಟಿನಲ್ಲಿ ನಗುನಗುತ್ತ ಕೇಳಿದ್ದ: "ಊರ್ಡಿಗೆರೆ ಕಡೆ ಅಂದ್ರಲ್ಲ, ಯಾವೂರು? ಊರೊಳಗಾ, ಆಚೆ ಕಾಲೋನಿನಾ?" ಭಾನುಪ್ರಿಯಾಳ ಗಂಡ ಗೋವಿಂದರಾಜು "ಕಾಲೋನಿ" ಎಂದಿದ್ದ. ಮುಚ್ಚಿಡುವ ಮನುಷ್ಯನಲ್ಲ ಅವನು. "ಓ, ಹೌದಾ, ಒಳ್ಳೇದು ಒಳ್ಳೇದು" ಎಂದಿದ್ದ ರಂಗನಾಥ್. ಏನು ಒಳ್ಳೆಯದೋ. ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಒಂದು ಮನೆಯ ವಿಳಾಸ ಇಡೀ ಕಟ್ಟಡಕ್ಕೆ ತಿಳಿದುಹೋಗುತ್ತದೆ. ನಗರದಲ್ಲಿ ಯಾರೂ ಬಾವಿಗೆ ಅಡ್ಡ ನಿಲ್ಲುವುದಿಲ್ಲ, ನಲ್ಲಿಗೆ ಅಡ್ಡ ನಿಲ್ಲುವುದಿಲ್ಲ. ಸೂಪರ್ ಅನ್ನುತ್ತಾರೆ, ಅಷ್ಟೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿಕೆಗೆ ಏನೆಂದು ಜಗಳ ಆಡುವುದು?

ಡ್ರಮ್ಮಿನ ವಿಷಯವನ್ನು ಅವಳು ಗಂಡನಿಗೆ ಮಾತ್ರ ಹೇಳಿದ್ದಳು. ಅಲ್ಲಿಂದೀಚೆಗೆ ಆ ಕಟ್ಟಡದ ಯಾವ ಊಟಕ್ಕೂ ಹೋಗಿರಲಿಲ್ಲ.

ಗೋವಿಂದರಾಜು ಕುಣಿಗಲ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ಕೇಳಿ ಮುದ್ದೆ ಮುರಿಯುತ್ತ ಹೇಳಿದ: "ಮಾಡು ಭಾನು. ತಿಂದ್ರೆ ತಿಂತಾರೆ, ಇಲ್ಲಾಂದ್ರೆ ನಾವೇ ತಿನ್ನಣ. ಕೈಮಾ ಏನ್ ಕಹಿನಾ?"

"ತಿನ್ನದೇ ಇದ್ರೆ ನಂಗೇನೂ ಇಲ್ಲ ಕಣ್ರೀ. ತಿನ್ನದೆ ಚೆನ್ನಾಗಿದೆ ಅಂತಾರಲ್ಲ, ಅದನ್ನ ಇನ್ನೊಂದ್ಸಲ ಕೇಳಕ್ಕೆ ನನ್ನ ಕೈಲಾಗಲ್ಲ. ಈ ಸಲ ಇವ್ಳೂ ಜೊತೇಲಿರ್ತಾಳೆ."

ಮಗಳು ಡ್ರಮ್ಮಿನೊಳಗೆ ಇಣುಕಿ ನೋಡುವ ದಿನ ಬರಬಾರದು. ಅವಳ ಭಯ ಇಷ್ಟೇ. ಆದರೆ ಹುಷಾರಿಲ್ಲ ಎಂದು ಬರೆಯಲು ಫೋನು ಎತ್ತಿಕೊಂಡವಳು ಬರೆಯಲಾರದೆ ಕೆಳಗಿಟ್ಟಳು. ಮಗಳಿಗೆ ಅಡಗಿಕೊಳ್ಳುವುದನ್ನು ತಾನೇ ಕಲಿಸಿಕೊಡುವುದೂ ಒಂದು ಬಗೆಯ ಡ್ರಮ್ಮೇ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಗೋವಿಂದರಾಜು ಬಟವಾಡಿ ಕಡೆಯ ಅಂಗಡಿಗೆ ಹೋಗಿ ಕುರಿ ಕೈಮಾ ಕೊಚ್ಚಿಸಿಕೊಂಡು ಬಂದ. ಅವನ ತಾಯಿ ದೊಡ್ಡಗಂಗಮ್ಮ ಅಡುಗೆಮನೆಯಲ್ಲಿ ಕಾಲು ನೀಡಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು.

"ಯಾವ್ ಹಬ್ಬ ಅಮ್ಮಿ ಇದು?" ಮೊಮ್ಮಗಳನ್ನು ಕೇಳಿದಳು.

"ಹ್ಯಾಲೋವೀನ್ ಅಜ್ಜಿ. ಸತ್ತೋರೆಲ್ಲ ವಾಪಸ್ ಬರ್ತಾರೆ ಅವತ್ತು."

ದೊಡ್ಡಗಂಗಮ್ಮನ ಕೈ ನಿಂತಿತು. "ಮಾಲಯ ಅಮಾಸೇಲಿ ಬಂದು ಉಂಡ್ಕೊಂಡೋದ್ರಲ್ಲ. ಇನ್ನೂ ಎಲ್ ಅರಗೈತೆ? ಅಷ್ಟು ಬೇಗ ಯಾಕಂತೆ ಮತ್ತೆ?"

"ಇವರು ಅಮೆರಿಕಾದೋರು ಅಜ್ಜಿ."

"ಎಲ್ಲಿಯೋರಾದ್ರೇನು, ಸತ್ತೋರು ಸತ್ತೋರೇ. ಹಸ್ಕೊಂಡ್ ಬತ್ತಾರೆ." ಈರುಳ್ಳಿ ಬುಟ್ಟಿ ಪಕ್ಕಕ್ಕಿಟ್ಟು ಎದ್ದಳು. "ಮೊದ್ಲೇ ಹೇಳಾದಲ್ವಾ ಭಾನು? ನಾನು ಸ್ನಾನನೇ ಮಾಡಿಲ್ಲ."

"ಅಯ್ಯೋ ಅತ್ತೆ, ಇದು ಮಕ್ಳಾಟ. ಎಡೆ ಗಿಡೆ ಏನಿಲ್ಲ."

"ಮಕ್ಳಾಟ ಅಂತ ಅವರಿಗೆ ಗೊತ್ತಾಯ್ತದಾ? ಕರೆದ್ಮೇಲೆ ಬಂದೇ ಬತ್ತಾರೆ. ನಿಮ್ಮಾವ ಬಂದು ಬಾಗ್ಲಲ್ಲಿ ನಿಂತ್ಕೊಂಡು, ನಂಗೆ ಇಡದೆ ಯಾರ್ಯಾರ್ಗೋ ಹಂಚ್ತಾವ್ಳಲ್ಲಾ ಅಂದ್ರೆ?"

ಅವಳು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು, ಒಲೆ ಒರೆಸಿದಳು. ಅಲ್ಲಿಂದ ಅದು ಎಡೆಯ ಅಡುಗೆಯೇ ಆಯಿತು. ಅಂದರೆ, ಸತ್ತವರ ಮುಂದೆ ಇಡುವವರೆಗೆ ಯಾರೂ ಬಾಯಿಗೆ ಇಡುವ ಹಾಗಿಲ್ಲ. ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕುವುದಿಲ್ಲ, ತುಂಡು ಮುರಿದು ನೋಡುವುದಿಲ್ಲ. ರುಚಿ ನೋಡಿದರೆ ಎಂಜಲು. ದೊಡ್ಡಗಂಗಮ್ಮ ಇಷ್ಟು ವರ್ಷ ಎಡೆಯ ಸಾರಿಗೆ ಖಾರ ಎಷ್ಟಿದೆ ಎಂದು ಹಬೆಗೆ ಮೂಗೊಡ್ಡಿಯೇ ಹೇಳಿದವಳು.

ಭಾನುಪ್ರಿಯಾ ವಾದ ಮಾಡಲಿಲ್ಲ. ಅತ್ತೆ ಮಸಾಲೆ ರುಬ್ಬಿದಳು: ಹುರಿಗಡಲೆ, ಕಾಯಿತುರಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ ಲವಂಗ, ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ. ಸೊಸೆ ಕೈಮಾವನ್ನು ಬಟ್ಟೆಯಲ್ಲಿ ಹಿಂಡಿ, ಮಸಾಲೆ ಬೆರೆಸಿ, ಮೆತ್ತಗಾಗುವವರೆಗೆ ನಾದಿದಳು. ಬೇರೆ ದಿನವಾಗಿದ್ದರೆ ಮೊದಲ ಉಂಡೆಯನ್ನು ಎಣ್ಣೆಗೆ ಬಿಟ್ಟು, ಒಡೆಯದೆ ನಿಂತಿತೆ ನೋಡಿ, ಊದಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇವತ್ತು ಒಡೆಯಲಿಲ್ಲ ಎಂಬುದನ್ನಷ್ಟೇ ನೋಡಿ ತಟ್ಟೆಗೆ ತೆಗೆದಳು.

ಇಂಚರ ಕೆಲಸಕ್ಕೆ ನಿಂತಳು. ಚಪಾತಿ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ ಚಾಕುವಿನಿಂದ ಪಟ್ಟಿ ಪಟ್ಟಿ ಕೊಯ್ದು, ಕರಿದ ಉಂಡೆಗೆ ಅಡ್ಡಾದಿಡ್ಡಿ ಸುತ್ತಿದಳು. ಅದನ್ನು ತವೆಯ ಮೇಲೆ ಉರುಳಿಸಿ ಕೆಂಪಗೆ ಬೇಯಿಸಿ, ಎರಡು ಪಟ್ಟಿಗಳ ಸಂದಿಯಲ್ಲಿ ಕೊಬ್ಬರಿ ಚೂರಿನ ಬಿಳಿಗುಡ್ಡೆ, ಅದರ ಮೇಲೆ ಕಾಳುಮೆಣಸಿನ ಪಾಪೆ. ಆಸ್ಪತ್ರೆಯಿಂದ ಈಗಷ್ಟೇ ಎದ್ದು ಬಂದವರ ಹಾಗೆ ಉಂಡೆಗಳು ಪಿಳಿಪಿಳಿ ನೋಡಿದವು. ಜೇಡಕ್ಕೆ ದೀಪಾವಳಿಯ ಚಕ್ಕುಲಿ ಒದಗಿತು. ಡಬ್ಬದ ತಳದಲ್ಲಿ ಮುರಿದು ಬಿದ್ದಿದ್ದ ಬಾಗಿದ ಚೂರುಗಳೇ ಜೇಡದ ಕಾಲು. ಈ ಕಡೆ ನಾಲ್ಕು, ಆ ಕಡೆ ನಾಲ್ಕು ಚುಚ್ಚಿದರೆ ಉಂಡೆ ಎದ್ದು ಓಡುವ ಹಾಗಿತ್ತು.

ದೊಡ್ಡಗಂಗಮ್ಮ ಒಂದು ಜೇಡವನ್ನೂ ಒಂದು ಮಮ್ಮಿಯನ್ನೂ ಬಾಳೆಲೆ ತುಂಡಿನ ಮೇಲಿಟ್ಟು ಗಂಡ ಅಂಜನಮೂರ್ತಿಯ ಫೋಟೋದ ಮುಂದೆ ಇಟ್ಟಳು. ಊದುಬತ್ತಿ ಹಚ್ಚಿದಳು.

"ಅಜ್ಜಿ, ತಾತ ಜೇಡ ತಿಂತಾರಾ?"

"ಇದ್ದಾಗ ಏನ್ ಕೊಟ್ರೂ ಮಾತಾಡ್ದೆ ತಿನ್ನೋರು ಕಣಮ್ಮಿ. ಈಗೇನ್ ಮಾತಾಡಾರು?"

ತಾತ ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ, ಹೊರಗೆ ಸ್ವಲ್ಪ ಹೊತ್ತು ಕೂತಿದ್ದು, ಮತ್ತೆ ತೆರೆದರು. ಇನ್ನು ರುಚಿ ನೋಡಬಹುದಿತ್ತು. ಅಷ್ಟರಲ್ಲಿ ಕೆಳಗಿನಿಂದ ಹರ್ಷಿತಾ ಕೂಗಿದಳು, ಇಂಚರ ಕಪ್ಪು ದುಪಟ್ಟ ಹೊದ್ದು ಓಡಿದಳು, ಭಾನುಪ್ರಿಯಾ ಎರಡು ಸ್ಟೀಲ್ ತಟ್ಟೆ ಎತ್ತಿಕೊಂಡು ಹಿಂದೆಯೇ ಇಳಿದಳು.

ಪಾರ್ಕಿಂಗಿನಲ್ಲಿ ಸ್ಕೂಟರುಗಳನ್ನು ಗೋಡೆಗೆ ಸರಿಸಿ ಬಲೂನು ಕಟ್ಟಿದ್ದರು. ಸಿಹಿಗುಂಬಳಕ್ಕೆ ಹಲ್ಲು ಕೆತ್ತಿ ಒಳಗೆ ಹಣತೆ ಇಟ್ಟಿದ್ದರು. ಒಬ್ಬ ಹುಡುಗ ಅಪ್ಪನ ಬಿಳಿ ಪಂಚೆ ಹೊದ್ದು ಎಡವುತ್ತಿದ್ದ. ವೆಜ್ ಟೇಬಲ್ ತುಂಬಿತ್ತು: ಕಪ್ಪು ದ್ರಾಕ್ಷಿಯ ಕಣ್ಣಿಟ್ಟ ಪನೀರ್, ಬೆರಳಿನಾಕಾರದ ಆಲೂಗಡ್ಡೆ, ಉಗುರಿಗೆ ಬಾದಾಮಿ. ನಾನ್ ವೆಜ್ ಟೇಬಲ್ ಮೇಲೆ ಹಾಸಿದ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಹತ್ತರಲ್ಲಿ ಏಳು ಮನೆಯವರು ಭಾನುವಾರ ಬಾಡು ತಿನ್ನುವವರೇ. ಭಾನುಪ್ರಿಯಾಳ ಮನೆ ಬಿಟ್ಟು ಅಷ್ಟೂ ಜನ ತರಕಾರಿ ತಂದಿದ್ದರು. ಭಾನುಪ್ರಿಯಾ ತನ್ನ ತಟ್ಟೆಗಳನ್ನು ಒಬ್ಬಳೇ ಇಟ್ಟಳು.

ಅಸೋಸಿಯೇಷನ್ ಸೆಕ್ರೆಟರಿ ಮಲ್ಲಿಕಾರ್ಜುನ್ ಬಂದು ಬಗ್ಗಿ ನೋಡಿ ನಕ್ಕರು. "ಭಾರೀ ಇದೆ ಮೇಡಂ, ಕಚ್ಚೋ ಹಂಗಿದೆ. ನಾವು ತಿನ್ನಲ್ಲ, ಒಂದು ಫೋಟೋ ತಗೋತೀನಿ." ತೆಗೆದುಕೊಂಡು ಪನೀರಿನ ಕಡೆ ಹೋದರು. ಅವಳಿಗೆ ಏನೂ ಅನ್ನಿಸಲಿಲ್ಲ. ತಿನ್ನುವುದಿಲ್ಲ ಎಂದವರು ತಿನ್ನುವುದಿಲ್ಲ, ಮುಗಿಯಿತು.

ಆಮೇಲೆ ರಂಗನಾಥ್ ಬಂದ. ಗುಬ್ಬಿ ಕಡೆ ತೋಟ ಇರುವವನು, ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ಬೆಳಿಗ್ಗೆ ಗೋವಿಂದರಾಜು ಕೈಮಾ ಕೊಚ್ಚಿಸುವಾಗ ಅದೇ ಅಂಗಡಿಯ ಮುಂದೆ ಅರ್ಧ ಕೆಜಿ ತೊಡೆ ಮಾಂಸಕ್ಕೆ ನಿಂತಿದ್ದವನು. ಪೇಪರ್ ಪ್ಲೇಟಿಗೆ ಒಂದು ಜೇಡ, ಒಂದು ಮಮ್ಮಿ ಹಾಕಿಕೊಂಡು, ಕಂಬದ ಆಚೆ ಹೋಗಿ ಯಾರೊಂದಿಗೋ ಮಾತಾಡಿ, ಮೇಲೊಂದು ಟಿಶ್ಯೂ ಮುಚ್ಚಿಕೊಂಡು ವಾಪಸ್ ಬಂದ.

"ಏನ್ ಮಾಡಿದೀರಿ ಮೇಡಂ! ಉಪ್ಪು, ಖಾರ, ಎಲ್ಲಾ ಕರೆಕ್ಟು. ಸ್ಟಾರ್ ಹೋಟ್ಲಲ್ಲೂ ಸಿಗಲ್ಲ."

"ಥ್ಯಾಂಕ್ಸ್ ಸಾರ್" ಅಂದಳು ಭಾನುಪ್ರಿಯಾ. ಆ ದನಿ ಅವಳಿಗೆ ಗೊತ್ತಿತ್ತು. ಯುಗಾದಿಯ ದಿನದ್ದೇ. ಅಷ್ಟೇ ಸಿಹಿ, ಅಷ್ಟೇ ಅವಸರ. ಅವಳ ಕಣ್ಣು ತಾನಾಗಿಯೇ ಗೇಟಿನ ಪಕ್ಕದ ಹಸಿರು ಡ್ರಮ್ಮಿನ ಕಡೆ ಹೋಯಿತು. ಆಮೇಲೆ, ಪಂಚೆಯ ದೆವ್ವದ ಹಿಂದೆ ಓಡುತ್ತಿದ್ದ ಮಗಳ ಕಡೆ. ತಟ್ಟೆ ಎತ್ತಿಕೊಂಡು ಮೇಲೆ ಹೋಗಿಬಿಡಲೇ ಅನ್ನಿಸಿತು.

ಅಷ್ಟರಲ್ಲಿ ಸುಧಾ ಬಂದಳು, ಹಿಂದೆ ಹರ್ಷಿತಾ ಮತ್ತು ಇಂಚರ.

"ಆಂಟಿ, ಜೇಡ ನಂಗೆ!" ಹರ್ಷಿತಾ ಕಾಲು ಹಿಡಿದು ಎತ್ತಿದಳು. ಕಾಲು ಕೈಗೆ ಬಂತು, ಜೇಡ ತಟ್ಟೆಯಲ್ಲೇ ಉಳಿಯಿತು. ಸುಧಾ ನಗುತ್ತ ಅದನ್ನೇ ಎತ್ತಿ ಅರ್ಧ ಕಚ್ಚಿದಳು, ಉಳಿದರ್ಧ ಮಗಳ ಬಾಯಿಗಿಟ್ಟಳು. ಅಗಿದಳು. ಅಗಿಯುತ್ತ ಅಗಿಯುತ್ತ ಅವಳ ಮುಖ ನಿಧಾನವಾಯಿತು.

"ಟೀಚರ್..."

"ಏನ್ರೀ?"

"ಇಲ್ಲ, ಅದೂ..."

ಹರ್ಷಿತಾಳಿಗೆ ಅಂಥ ಮುಲಾಜಿರಲಿಲ್ಲ. "ಆಂಟಿ, ಉಪ್ಪೇ ಇಲ್ಲ! ಕಾಲಲ್ಲಿ ಉಪ್ಪಿದೆ, ಹೊಟ್ಟೇಲಿ ಇಲ್ಲ!"

"ಸುಮ್ನಿರೇ" ಅಂದಳು ಸುಧಾ. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. "ಹೌದು ಕಣ್ರೀ ಟೀಚರ್. ಎಲ್ಲಾ ಹಾಕಿದೀರಿ, ಉಪ್ಪೊಂದು ಮರ್ತಿದೀರಿ. ಸಪ್ಪೆ ಅಂದ್ರೆ ಸಪ್ಪೆ."

ಭಾನುಪ್ರಿಯಾ ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು. ಚಕ್ಕೆಯ ಘಮ, ಮೆಣಸಿನಕಾಯಿಯ ಚುರುಕು, ಹುರಿಗಡಲೆಯ ಮೆದು. ಉಪ್ಪಿನ ಒಂದು ಹರಳೂ ಇಲ್ಲ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆಯೊಳಗೆ ಏನೋ ಸಡಿಲವಾಗಿ ನಗು ಬಂತು. ಉಪ್ಪಿಲ್ಲ ಎಂದು ತಿನ್ನದವರು ಹೇಳಲಾರರು.

ಆದರೆ ಹರ್ಷಿತಾ ಅಲ್ಲಿಗೇ ಬಿಡಲಿಲ್ಲ. ಅಪ್ಪ ಹೊಗಳಿದ್ದು ಅವಳ ಕಿವಿಗೂ ಬಿದ್ದಿತ್ತು. ಆಚೆ ನಿಂತಿದ್ದ ಅವನನ್ನು ಕೂಗಿ ಕೇಳಿದಳು: "ಅಪ್ಪಾ, ಉಪ್ಪು ಖಾರ ಎಲ್ಲಾ ಕರೆಕ್ಟಾಗಿದೆ ಅಂದ್ಯಲ್ಲ ಈಗ್ತಾನೆ? ಎಲ್ಲಿದೆ ಉಪ್ಪು?"

ಪಾರ್ಕಿಂಗಿನಲ್ಲಿ ಎಲ್ಲರೂ ರಂಗನಾಥನ ಕೈಯಲ್ಲಿದ್ದ ಪ್ಲೇಟು ನೋಡಿದರು. ಟಿಶ್ಯೂವಿನ ಅಂಚಿನಿಂದ ಜೇಡದ ಎಂಟು ಕಾಲೂ ಹೊರಗೆ ಚಾಚಿದ್ದವು.

"ಅದು... ನಂಗೆ ಬಿಪಿ ಅಲ್ವಾ, ಉಪ್ಪು ಕಮ್ಮಿ ತಿಂದು ತಿಂದು..." ಅಂದ ರಂಗನಾಥ್. ಯಾರೂ ನಗಲಿಲ್ಲ.

ಆಗ ಲಿಫ್ಟಿನಿಂದ ದೊಡ್ಡಗಂಗಮ್ಮ ಹೊರಬಂದಳು. ಮಕ್ಕಳ ವೇಷ ನೋಡಲು ಮಗನ ತೋಳು ಹಿಡಿದು ಇಳಿದು ಬಂದಿದ್ದಳು. ಉಪ್ಪಿಲ್ಲ ಎಂಬ ಸುದ್ದಿ ಅವಳನ್ನು ಮುಟ್ಟಿತು.

"ಉಪ್ಪು ನೀನು ಹಾಕ್ಲಿಲ್ವಾ?"

"ನಾನ್ಯಾಕೆ ಹಾಕ್ಲಿ? ಮಸಾಲೆ ಜೊತೆ ನೀವೇ ತಾನೆ ರುಬ್ಬೋದು ಯಾವಾಗ್ಲೂ?"

"ಯಾವಾಗ್ಲೂ ಬೇರೆ, ಎಡೆ ಬೇರೆ. ಎಡೆಗೆ ರುಬ್ಬೋರು ಹಾಕಾಂಗಿಲ್ಲ, ಕಟ್ಟೋರು ಹಾಕ್ಬೇಕು. ರುಚಿ ನೋಡಂಗಿಲ್ವಲ್ಲ, ಇಬ್ರೂ ಹಾಕ್ಬುಟ್ರೆ ಏನ್ ಗತಿ? ಅದಕ್ಕೇ ಒಂದೇ ಕೈಯಿ. ಮಾಲಯ ಅಮಾಸೇಲಿ ಉಂಡೆ ಕಟ್ಟಿದ್ದು ನಾನು, ನಾನ್ ಹಾಕ್ದೆ. ಇವತ್ತು ಕಟ್ಟಿದ್ದು ನೀನು."

"ಇದು ಎಡೆ ಅಂತ ಅಂದ್ಕೊಂಡಿದ್ದು ನೀವು ಅತ್ತೆ! ನಾನಲ್ಲ."

"ಅಯ್ಯೋ ಶಿವನೆ, ನಿಮ್ಮಾವಂಗೂ ಸಪ್ಪೇದೇ ಇಟ್ಬುಟ್ನಲ್ಲಾ!" ದೊಡ್ಡಗಂಗಮ್ಮ ಬಾಯಿಗೆ ಸೆರಗು ಹಿಡಿದಳು. ಅಳುತ್ತಾಳೇನೋ ಎಂದುಕೊಂಡರೆ ನಗುತ್ತಿದ್ದಳು.

ಏನು ನಡೆಯಿತೆಂದು ಸುತ್ತ ನಿಂತವರಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸುಧಾ ಹಣೆ ಚಚ್ಚಿಕೊಂಡಳು. "ನಮ್ಮತ್ತೇನೂ ಹಿಂಗೇ ಅಜ್ಜಿ. ಗುಬ್ಬಿಲಿ ಎಡೆ ದಿನ ನಾನು ಪಲ್ಯ ಬಾಯಿಗೆ ಹಾಕ್ಕೊಂಡೆ ಅಂತ ಪಾತ್ರೆ ಸಮೇತ ಎತ್ತಿಟ್ರು."

"ಇನ್ನೇನ್ ಮತ್ತೆ, ಎಂಜಲು ಇಡ್ತಾರಾ?" ಅಂದಳು ದೊಡ್ಡಗಂಗಮ್ಮ, ಸುಧಾಳ ಅತ್ತೆಯ ಪರ ವಹಿಸಿಕೊಂಡು. "ಸರಿ, ಈಗ ಆಡ್ಕಂಡ್ ನಿಂತ್ರೆ ಉಪ್ಪು ಬತ್ತದಾ? ಉಂಡೆ ಬೆಂದೋಗೈತೆ, ಒಳಕ್ಕೆ ಹೋಗಾಕಿಲ್ಲ. ಟೊಮೇಟೊ ಗೊಜ್ಜು ಕಾಯ್ಸಿ, ಉಪ್ಪು ಒಂಚೂರು ಮುಂದಾಗಿ ಹಾಕಿ. ಅದ್ಕೊಂಡ್ ತಿನ್ಲಿ."

"ರಕ್ತ!" ಎಂದು ಕಿರುಚಿದಳು ಇಂಚರ. "ರಕ್ತದಲ್ಲಿ ಅದ್ದಿದ ಜೇಡ!" ಮಕ್ಕಳೆಲ್ಲ "ರಕ್ತ, ರಕ್ತ" ಎಂದು ಕುಣಿಯತೊಡಗಿದರು.

ಭಾನುಪ್ರಿಯಾ ಲಿಫ್ಟಿನ ಕಡೆ ಹೊರಟಳು. ಸುಧಾ ತಡೆದಳು. "ಮೂರನೇ ಫ್ಲೋರಿಗೆ ಯಾಕೆ, ನಮ್ಮನೇಲೇ ಮಾಡಿ. ಇಲ್ಲೇ ಮೇಲೆ." ಹೇಳಿದ ಮೇಲೆ ಒಂದು ಕ್ಷಣ ಗಂಡನ ಕಡೆ ನೋಡಿದಳು. ರಂಗನಾಥ್ ಕುಂಬಳಕಾಯಿಯ ಹಣತೆಯನ್ನು ಸರಿಮಾಡುತ್ತಿದ್ದ. ಅದು ಸರಿಯಾಗಿಯೇ ಇತ್ತು.

ಸುಧಾಳ ಅಡುಗೆಮನೆಗೆ ಭಾನುಪ್ರಿಯಾ ಬಂದದ್ದು ಅದೇ ಮೊದಲು. ಮಕ್ಕಳು ದಿನಾ ಆಡುವ ಮನೆಯ ಅಡುಗೆಮನೆ. ಸುಧಾ ಟೊಮೇಟೊ ಹೆಚ್ಚಿಕೊಟ್ಟಳು, ಭಾನುಪ್ರಿಯಾ ಒಗ್ಗರಣೆ ಹಾಕಿ ಬಾಡಿಸಿದಳು. ಬ್ಯಾಡಗಿ ಪುಡಿ ಬಿದ್ದ ಮೇಲೆ ಬಾಣಲೆ ನಿಜಕ್ಕೂ ರಕ್ತದ ಹಾಗಾಯಿತು. ಅದು ಕುದಿಯಲು ಬಿಟ್ಟು ಇಬ್ಬರೂ ನಿಂತಿದ್ದಾಗ ಭಾನುಪ್ರಿಯಾ ಬಾಣಲೆ ನೋಡುತ್ತಲೇ ಕೇಳಿದಳು:

"ಯುಗಾದಿಲಿ ನನ್ನ ಪುಳಿಯೋಗರೆ ತಿಂದಿದ್ರಾ ಸುಧಾ?"

ಸುಧಾ ಸೌಟು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಇಲ್ಲ."

"ಚೆನ್ನಾಗಿದೆ ಅಂದಿದ್ರಿ."

"ಅಂದಿದ್ದೆ." ಸೌಟನ್ನು ಕಟ್ಟೆಯ ಮೇಲಿಟ್ಟಳು. "ಮನೆಯವ್ರು ಬೇಡ ಅಂದ್ರು ಅಂತ ಹೇಳ್ಬೋದು ಟೀಚರ್. ಆದ್ರೆ ಅದು ಪೂರ್ತಿ ನಿಜ ಅಲ್ಲ. ಅವ್ರು ಬಾಯ್ಬಿಟ್ಟು ಏನೂ ಅನ್ನಲಿಲ್ಲ. ಎಲ್ಲರೂ ಸರಿಸಿಟ್ರು, ನಾನೂ ಸರಿಸಿಟ್ಟೆ."

"ಇವತ್ತು?"

"ಇವತ್ತು ಮಗಳು ಕಾಲು ಕಿತ್ಲಲ್ಲ, ನಗ್ತಾ ನಗ್ತಾ ಬಾಯಿಗಿಟ್ಕೊಂಡ್ಬಿಟ್ಟೆ. ಯೋಚ್ನೆ ಮಾಡಿದ್ರೆ ಏನ್ ಮಾಡ್ತಿದ್ನೋ, ನಂಗೂ ಗೊತ್ತಿಲ್ಲ."

ಭಾನುಪ್ರಿಯಾಳಿಗೆ ಕ್ಷಮಿಸಿದೆ ಎನ್ನುವ ಮಾತು ಬರಲಿಲ್ಲ. ಸುಧಾ ಅದನ್ನು ಕೇಳಲೂ ಇಲ್ಲ. ಅವಳು ಉಪ್ಪಿನ ಭರಣಿಯನ್ನು ಕಟ್ಟೆಯ ಮೇಲಿಟ್ಟು ಮುಂದಕ್ಕೆ ತಳ್ಳಿದಳು. ಭಾನುಪ್ರಿಯಾ ಒಂದು ಚಮಚ ಹಾಕಿ ತಿರುವಿ, ಸೌಟನ್ನು ಅವಳ ಅಂಗೈ ಮೇಲೆ ಬಗ್ಗಿಸಿದಳು. ಸುಧಾ ಊದಿ ನೆಕ್ಕಿದಳು.

"ಇನ್ನೊಂಚೂರು. ಉಂಡೇಲಿ ಇಲ್ವಲ್ಲ, ಮುಂದಾಗೇ ಇರ್ಲಿ."

ಗೊಜ್ಜು ಕೆಳಗೆ ಬರುವಷ್ಟರಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿದ್ದರು. ಪಂಚೆಯ ದೆವ್ವ ಪಂಚೆ ಮೇಲೆ ರಕ್ತ ಚೆಲ್ಲಿಕೊಂಡು ಅವರಮ್ಮನ ಕೈಯಲ್ಲಿ ಬೈಸಿಕೊಂಡ. ಗೋವಿಂದರಾಜು ಒಂದು ಮಮ್ಮಿಯ ಕಾಳುಮೆಣಸಿನ ಕಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ಹೆಂಡತಿಗೆ ಹುಬ್ಬು ಹಾರಿಸಿದ. ಮಕ್ಕಳೇನೋ ತಿಂದರು, ಮಕ್ಕಳು ತಿನ್ನುತ್ತಾರೆ. ದೊಡ್ಡವರು ಕುರ್ಚಿಗಳಲ್ಲಿ ಕೂತಿದ್ದರು. ಯುಗಾದಿಯಲ್ಲಿ ಅವಳು ಬಡಿಸಿ, ನಿಂತು ನೋಡುವುದು ಮರ್ಯಾದೆಯಲ್ಲ ಎಂದು ಬೆನ್ನು ತಿರುಗಿಸಿಕೊಂಡು ಹೋಗಿದ್ದಳು. ಈಗ ತಟ್ಟೆಯನ್ನು ಎಡಗೈಗೆ, ಗೊಜ್ಜಿನ ಬಟ್ಟಲನ್ನು ಬಲಗೈಗೆ ತೆಗೆದುಕೊಂಡು ನೇರವಾಗಿ ಮೊದಲ ಕುರ್ಚಿಗೆ ಬಂದಳು.

ಮೊದಲ ಕುರ್ಚಿಯಲ್ಲಿ ರಂಗನಾಥ್ ಇದ್ದ. ಪ್ಲೇಟು ಇನ್ನೂ ತೊಡೆಯ ಮೇಲಿತ್ತು.

"ಗೊಜ್ಜು ಹಾಕ್ಲಾ ಸಾರ್?"

"ಅಯ್ಯೋ, ಆಗ್ಲೇ ಆಯ್ತಲ್ಲ ಮೇಡಂ, ಹೊಟ್ಟೆ ತುಂಬ..."

"ನೀವು ತಿಂದಿಲ್ಲ ಸಾರ್." ಅವಳ ದನಿ ಕ್ಲಾಸಿನಲ್ಲಿ ಪಾಠ ಮಾಡುವಾಗಿನಷ್ಟೇ ಇತ್ತು, ಅದಕ್ಕಿಂತ ಜೋರಿಲ್ಲ. "ತಿನ್ಬೇಕು ಅಂತ ನಾನೂ ಹೇಳಲ್ಲ, ಅದು ನಿಮ್ಮಿಷ್ಟ. ಬೇಡ ಅಂದ್ರೆ ಬೇಡ ಅನ್ನಿ, ಕೇಳಿಸ್ಕೋತೀನಿ. ಚೆನ್ನಾಗಿದೆ ಅಂತ ಮಾತ್ರ ಅನ್ಬೇಡಿ. ನಮ್ಮನೆ ಅಡುಗೇನ ಡ್ರಮ್ಮಿಗೆ ಹಾಕಿ, ಹೊಗಳಿಕೇನ ನಮ್ಮ ತಟ್ಟೆಗೆ ಹಾಕ್ಬೇಡಿ."

ಯಾರೋ ಕುರ್ಚಿ ಸರಿಸಿದ ಸದ್ದು. ಸುಧಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಮಾತಿನ ನಡುವೆ ಬರಲಿಲ್ಲ.

ರಂಗನಾಥ್ ನಗು ಹುಡುಕಿದ, ಸಿಗಲಿಲ್ಲ. ಕೊನೆಗೆ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಬೇಡ ಮೇಡಂ" ಅಂದ. ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು.

"ಸರಿ ಸಾರ್."

ಅವಳು ಪ್ಲೇಟು ತೆಗೆದುಕೊಂಡಳು. ಅದರಲ್ಲಿದ್ದ ಜೇಡವನ್ನೂ ಮಮ್ಮಿಯನ್ನೂ ತನ್ನ ತಟ್ಟೆಗೆ ಹಾಕಿಕೊಂಡಳು. ಮೂರು ವರ್ಷದಲ್ಲಿ ಆ ಮನುಷ್ಯ ತನಗೆ ಆಡಿದ ಮೊದಲ ನಿಜ ಅದು. ನೋಯಿಸಿತು. ಮಗಳು ಹತ್ತಿರದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂಬುದು ಗೊತ್ತಿತ್ತು. ಕೇಳಿಸಿಕೊಳ್ಳಲಿ.

ಎರಡನೇ ಕುರ್ಚಿಯಲ್ಲಿ ನೆಲಮಹಡಿಯ ರಂಗಲಕ್ಷ್ಮಮ್ಮ ಕೂತಿದ್ದರು. ಪಕ್ಕದ ಕೋರ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವರು. ಯುಗಾದಿಯಲ್ಲಿ ರೆಸಿಪಿ ಕೇಳಿದ್ದು ಅವರೇ.

"ನಿಮಗೆ ಹಾಕ್ಲಾ ಅಮ್ಮ? ಬೇಡ ಅಂದ್ರೆ ಬೇಡ ಅನ್ನಿ."

ರಂಗಲಕ್ಷ್ಮಮ್ಮ ತಟ್ಟೆ ನೋಡಿದರು, ಅವಳನ್ನು ನೋಡಿದರು, ಪಕ್ಕದ ಕುರ್ಚಿಯವನನ್ನು ನೋಡಲಿಲ್ಲ.

"ಹಾಕವ್ವ ಒಂದು. ಕಾಲಿಲ್ಲದ್ದು ಹಾಕು, ಚಕ್ಕುಲಿ ನನ್ ಹಲ್ಲಿಗೆ ಆಗಲ್ಲ."

ಭಾನುಪ್ರಿಯಾ ಒಂದು ಮಮ್ಮಿ ಇಟ್ಟು, ಮೇಲೆ ಗೊಜ್ಜು ಬಿಟ್ಟಳು. ಮುಂದಿನ ಕುರ್ಚಿಗೆ ಹೋಗಲಿಲ್ಲ. ಅಲ್ಲೇ ನಿಂತಳು. ಆ ಹೆಂಗಸು ಕಾಳುಮೆಣಸಿನ ಕಣ್ಣುಗಳನ್ನು ಬದಿಗಿಟ್ಟು, ಉಂಡೆಯನ್ನು ಮುರಿದು, ಅದ್ದಿ, ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗುವವರೆಗೆ ನಿಂತು ನೋಡಿದಳು.

"ಗೊಜ್ಜು ಉಪ್ಪುಪ್ಪು" ಅಂದರು ರಂಗಲಕ್ಷ್ಮಮ್ಮ. "ಇನ್ನೊಂದು ಹಾಕು."